ಬನವಾಸಿಯ ನೆರೆಯವರು ನೋಡಿದ ‘ಕಾಂತಾರ: ಚಾಪ್ಟರ್ 1’

ರಿಷಬ್ ಶೆಟ್ಟಿ ನಿರ್ದೇಶಿಸಿ ನಟಿಸಿರುವ, 2025ರ ಅಕ್ಟೋಬರ್ 2ರಂದು ತೆರೆಕಂಡ ಈ ಚಿತ್ರವನ್ನು ನಾವು ಗೆಳೆಯರು ಶಿರಸಿಯಲ್ಲಿ ನೋಡಿದೆವು. ಕಥೆ ಕದಂಬರ ಕಾಲದ್ದಾದ್ದರಿಂದ, ಅವರ ರಾಜಧಾನಿಯಾಗಿದ್ದ ಬನವಾಸಿಯನ್ನು ನಮ್ಮ ತಾಲ್ಲೂಕಿನಲ್ಲೇ ಉಳ್ಳ ನಮಗೆ ಕುತೂಹಲ ತುಸು ಹೆಚ್ಚೇ ಇತ್ತು. ಆದರೆ ತೆರೆಯ ಮೇಲಿನ ರಾಜ್ಯ ಇತಿಹಾಸಕ್ಕಿಂತ ದಂತಕಥೆಗೆ ಹತ್ತಿರವಾದುದು. ಅರವಿಂದ್ ಕಶ್ಯಪ್ ಅವರ ಛಾಯಾಗ್ರಹಣ ಕಟ್ಟಿಕೊಡುವ ಕಾಡಿನ ಕತ್ತಲೆ, ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿದವರಿಗೆ ಪರಿಚಿತವೆನಿಸುತ್ತದೆ. ಅಜನೀಶ್ ಲೋಕನಾಥ್ ಅವರ ಸಂಗೀತವು ದೈವಾವೇಶದ ದೃಶ್ಯಗಳಲ್ಲಿ ಮೈ ನವಿರೇಳಿಸಿದರೂ, ಉಳಿದೆಡೆ ಮಾತುಗಳನ್ನೇ ನುಂಗಿಹಾಕುತ್ತದೆ (ಇದರಲ್ಲಿ ಚಿತ್ರಮಂದಿರದ ಧ್ವನಿವರ್ಧಕದ ಪಾಲೂ ಇದ್ದೀತು). ಮೊದಲಾರ್ಧದ ಹಾಸ್ಯ ಸಡಿಲವಾಗಿದೆ. ರುಕ್ಮಿಣಿ ವಸಂತ್ ಅವರ ಅಭಿನಯವನ್ನು ಎಲ್ಲರೂ ಮೆಚ್ಚಿದೆವು. 2022ರ ‘ಕಾಂತಾರ’ವೇ ಮೇಲೆಂದು ಗೆಳೆಯನೊಬ್ಬ ಹಟ ಹಿಡಿದ, ಬಿಗಿಯಾದ ಕಥನದ ಮಟ್ಟಿಗೆ ನಾನೂ ಅವನ ಪಕ್ಷವೇ.