ಗೊರಕೆ ನಿಂತಿತು, ಉಸಿರು ಕಟ್ಟುವುದು ನಿಲ್ಲಲಿಲ್ಲ

ನಿದ್ರೆ ಪರೀಕ್ಷೆಯ ವರದಿ ಕೇಳದೆ, ಗೊರಕೆಗೆಂದು ಬಾಯಲ್ಲಿಡುವ ಸಾಧನ ಮಾಡಿಕೊಡಲು ನೇರವಾಗಿ ಹಲ್ಲಿನ ಅಚ್ಚು ತೆಗೆಯಹೊರಡುವ ದಂತ ಚಿಕಿತ್ಸಾಲಯ ಸಿಕ್ಕರೆ ಕುರ್ಚಿಯಿಂದ ಎದ್ದು ಬನ್ನಿ. ನಮ್ಮ ಯಜಮಾನರಿಗೆ ಆದದ್ದನ್ನು ನೋಡಿ ಹೇಳುತ್ತಿದ್ದೇನೆ.

ಅವರ ಗೊರಕೆ ಬೀದಿಗೇ ಗೊತ್ತು. ನನಗೆ ಭಯ ಹುಟ್ಟಿಸುತ್ತಿದ್ದದ್ದು ಮಾತ್ರ ಅದು ನಡುನಡುವೆ ತಟ್ಟನೆ ನಿಲ್ಲುತ್ತಿದ್ದುದು. ಎದೆ ಏರಿಳಿಯುತ್ತಿರುತ್ತದೆ, ಗಾಳಿಯೇ ಆಡುವುದಿಲ್ಲ. ಆಮೇಲೆ ಮುಳುಗಿದವರು ನೀರಿನಿಂದ ತಲೆ ಎತ್ತಿದ ಹಾಗೆ ಏದುಸಿರು. ಬೆಳಿಗ್ಗೆ ತಲೆನೋವು, ಹಗಲೆಲ್ಲ ಕುಳಿತಲ್ಲೇ ತೂಕಡಿಕೆ, ಮಾತ್ರೆಗೆ ಬಗ್ಗದ ಬಿ.ಪಿ. ಇವೆಲ್ಲ ಸ್ಲೀಪ್ ಆಪ್ನಿಯಾದ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ರೋಗದ, ಲಕ್ಷಣಗಳೇ. ಮಲಗಿದಾಗ ಗಂಟಲಿನ ಸ್ನಾಯು ಸಡಿಲವಾಗಿ, ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ.

‘ಯಂತ್ರವಿಲ್ಲದೆ ಆಪ್ನಿಯಾಕ್ಕೆ ಪರಿಹಾರ’ ಎಂದು ಫಲಕ ಹಾಕಿಕೊಂಡಿದ್ದ ದಂತ ಚಿಕಿತ್ಸಾಲಯವೊಂದಕ್ಕೆ ಹೋದೆವು. ಅಲ್ಲಿ ಕೇಳಿದ ಗಂಭೀರ ಪ್ರಶ್ನೆ ಒಂದೇ: ಹಣ ಕಂತಿನಲ್ಲಿ ಕೊಡುತ್ತೀರೋ, ಒಟ್ಟಿಗೋ? ನಲವತ್ತೈದು ಸಾವಿರಕ್ಕೆ ಕೈಗೆ ಬಂದದ್ದು ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು ಪಾರದರ್ಶಕ ತಟ್ಟೆ, ಎರಡು ಬದಿಗೂ ಸಣ್ಣ ತಿರುಪು. ಕೆಳದವಡೆಯನ್ನು ಮುಂದಕ್ಕೆ ಹಿಡಿದಿಟ್ಟು ನಾಲಿಗೆ ಹಿಂದೆ ಬೀಳದಂತೆ ತಡೆಯುವುದು ಅದರ ಕೆಲಸ. ದವಡೆಯನ್ನು ಸ್ವಲ್ಪ ಸ್ವಲ್ಪವಾಗಿ ಮುಂದೆ ತರಲೆಂದೇ ಆ ತಿರುಪು ಇರುವುದು. ಇವರಿಗೆ ಮೊದಲ ದಿನವೇ ಸಾಧ್ಯವಾದಷ್ಟೂ ತಿರುಗಿಸಿ ಕಳಿಸಿದರು. ಬೆಳಿಗ್ಗೆ ಎದ್ದರೆ ಹಿಂದಿನ ಹಲ್ಲುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಚಪಾತಿಯನ್ನು ಮುಂದಿನ ಹಲ್ಲಿನಲ್ಲಿ ಕಿತ್ತು ನುಂಗಬೇಕು, ಕಿವಿಯ ಮುಂದಿನ ಕೀಲಿನಲ್ಲಿ ಚಳುಕು. ‘ಅಭ್ಯಾಸವಾಗುತ್ತದೆ’ ಎಂಬುದು ಅಲ್ಲಿಯ ಉತ್ತರ.

ಗೊರಕೆಯೇನೋ ತಗ್ಗಿತು. ಮನೆಮಂದಿಗೆಲ್ಲ ಸಮಾಧಾನ. ತೂಕಡಿಕೆ ಮಾತ್ರ ಹಾಗೆಯೇ ಉಳಿದಾಗ ಶ್ವಾಸಕೋಶ ತಜ್ಞರ ಬಳಿ ಹೋದೆವು. ಅವರು ಸಾಧನವನ್ನು ಬಾಯಲ್ಲಿಟ್ಟುಕೊಂಡೇ ರಾತ್ರಿಯ ಪರೀಕ್ಷೆ ಮಾಡಿಸಿದರು. ಉಸಿರು ನಿಲ್ಲುವುದೋ ಕ್ಷೀಣಿಸುವುದೋ ಗಂಟೆಗೆ ಸರಾಸರಿ 34 ಸಲ, ಪ್ರತಿ ಸಲವೂ ಕನಿಷ್ಠ 10 ಸೆಕೆಂಡು. 5ರಿಂದ 15 ಇದ್ದರೆ ಸೌಮ್ಯ, 30ರವರೆಗೆ ಮಧ್ಯಮ, ಅದರಾಚೆಗೆ ತೀವ್ರ. ಸದ್ದು ಅಡಗಿದ್ದರಿಂದ ನಾವು ನಿಶ್ಚಿಂತೆಯಿಂದ ಮಲಗಿದ್ದೆವು, ಅಷ್ಟೇ. ಈಗ ಅವರಿಗೆ ಸಿಪ್ಯಾಪ್ ಯಂತ್ರವಿದೆ. ಮುಖವಾಡದ ಮೂಲಕ ಒತ್ತಡದ ಗಾಳಿ ಊದಿ ದಾರಿಯನ್ನು ತೆರೆದಿಡುತ್ತದೆ. ಅದರ ಕಿರಿಕಿರಿಯ ಕಥೆ ಬೇರೆ.

ಹಲ್ಲಿನ ಸಾಧನವೇ ಮೋಸ ಎನ್ನುತ್ತಿಲ್ಲ. ಸೌಮ್ಯ ಅಥವಾ ಮಧ್ಯಮ ಆಪ್ನಿಯಾ ಇದ್ದವರಿಗೆ, ಸಿಪ್ಯಾಪ್ ಸಹಿಸಲಾಗದವರಿಗೆ ಅದು ಒಪ್ಪಿತ ಚಿಕಿತ್ಸೆ. ಆದರೆ ರೋಗ ಯಾವುದು, ಎಷ್ಟು ಎಂದು ವೈದ್ಯರು ಪರೀಕ್ಷೆಯಿಂದ ನಿರ್ಧರಿಸಿ ಚೀಟಿ ಬರೆಯಬೇಕು, ದಂತವೈದ್ಯರು ಅಳತೆಗೆ ಸರಿಯಾಗಿ ಮಾಡಿ ಹಂತಹಂತವಾಗಿ ಹೊಂದಿಸಬೇಕು, ಕೊನೆಗೆ ಅದನ್ನು ಹಾಕಿಕೊಂಡೇ ಮತ್ತೊಮ್ಮೆ ನಿದ್ರೆ ಪರೀಕ್ಷೆ ಆಗಬೇಕು. ಮಿದುಳಿನ ಸಂಕೇತವೇ ತಪ್ಪುವ ಇನ್ನೊಂದು ಬಗೆಯ ಆಪ್ನಿಯಾಕ್ಕೆ ದವಡೆಯನ್ನು ಎಷ್ಟು ಎಳೆದರೂ ಫಲವಿಲ್ಲ. ವಸಡು ಸಡಿಲವಿದ್ದವರು, ಹಲ್ಲು ಕಡಿಮೆ ಇರುವವರು, ದವಡೆಯ ಕೀಲುನೋವಿನವರು ಮೊದಲೇ ಹೇಳಿ. ಬಿಸಿನೀರಿನಲ್ಲಿ ಅದ್ದಿ, ಕಚ್ಚಿ ನಾವೇ ಅಚ್ಚು ಮಾಡಿಕೊಳ್ಳುವ ಆನ್‌ಲೈನ್ ಸರಕಿನ ಗೊಡವೆಯಂತೂ ಬೇಡ.

ಹಣ ಮರಳಿಸಿ ಎಂದು ಕೇಳಿದರೆ, ‘ನಾವು ಕೊಟ್ಟದ್ದು ಗೊರಕೆಗೆ, ಗೊರಕೆ ಕಡಿಮೆಯಾಗಿದೆಯಲ್ಲ, ಅಮ್ಮಾ?’ ಎಂದು ಬಿಲ್ಲು ತೋರಿಸಿದರು. ಅದರಲ್ಲಿ ಆಪ್ನಿಯಾದ ಸುದ್ದಿಯೇ ಇಲ್ಲ. ಬಾಗಿಲ ಮೇಲಿನ ಫಲಕದ ಫೋಟೊ ನನ್ನ ಮೊಬೈಲ್‌ನಲ್ಲಿದೆ; ಬಿಲ್ಲಿನ ಜೊತೆ ಅದನ್ನೂ ಲಗತ್ತಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ.