ಮದುವೆಗೆ ವಾಲಗ, ಆರ್ಕೆಸ್ಟ್ರಾ, ರಿಟರ್ನ್ ಗಿಫ್ಟ್ ಎಲ್ಲಾ ಒಂದೇ ಪ್ಯಾಕೇಜ್ ಅಂತ ಯಾರಾದ್ರೂ ಬಂದ್ರೆ ದಯವಿಟ್ಟು ಅಡ್ವಾನ್ಸ್ ಕೊಡ್ಬೇಡಿ

ಇದನ್ನ ಬರೀಬೇಕೋ ಬೇಡ್ವೋ ಅಂತ ಮೂರು ವಾರದಿಂದ ಒದ್ದಾಡ್ತಿದ್ದೆ. ಅಮ್ಮ "ಆಗಿದ್ದು ಆಗೋಯ್ತು, ಶುಭಕಾರ್ಯದ ವಿಷ್ಯ, ಊರೆಲ್ಲ ಹೇಳ್ಕೊಂಡು ತಿರುಗ್ಬೇಡ" ಅಂತಾರೆ. ಆದ್ರೆ ನಿನ್ನೆ ಆಫೀಸಲ್ಲಿ ನನ್ ಜೊತೆ ಕೆಲ್ಸ ಮಾಡೋ ಹುಡುಗಿ, ಹೋದ್ ತಿಂಗಳಷ್ಟೇ ನಿಶ್ಚಿತಾರ್ಥ ಆಗಿರೋದು, ಫೋನ್ ತೋರಿಸಿ "ನೋಡೇ, ಇವ್ರು ವಾಲಗದಿಂದ ಗಿಫ್ಟ್ ತನಕ ಎಲ್ಲಾ ಒಂದೇ ಪ್ಯಾಕೇಜಲ್ಲಿ ಮಾಡ್ಕೊಡ್ತಾರಂತೆ" ಅಂದ್ಳು. ಅದೇ ವಿಡಿಯೋ. ಅದೇ ಆರು ಜನ, ಅದೇ ಕೆಂಪು ಶಲ್ಯ. ನನಗೆ ಕೈಕಾಲು ನಡುಗೋಕೆ ಶುರುವಾಯ್ತು. ಅದಕ್ಕೇ ಬರೀತಿದೀನಿ. ಉದ್ದ ಆಗತ್ತೆ, ಆದ್ರೂ ಮದುವೆ ಹತ್ರ ಇರೋರು ಪೂರ್ತಿ ಓದಿ.

ನಮ್ದು ತಿಪಟೂರು, ಇವ್ರದ್ದು ಮೈಸೂರು ಕಡೆ, ಇಬ್ರೂ ಬೆಂಗಳೂರಲ್ಲಿ ಕೆಲ್ಸ. ನಿಶ್ಚಿತಾರ್ಥ ಆದ್ಮೇಲೆ ನಮಗೆ ಸಿಕ್ಕಿದ್ದು ನಾಲ್ಕು ತಿಂಗಳು. ಛತ್ರ, ಅಡುಗೆಯವ್ರು, ಪುರೋಹಿತ್ರು, ಪತ್ರಿಕೆ ಎಲ್ಲಾ ಅಪ್ಪ ನೋಡ್ಕೊಂಡ್ರು, ಮ್ಯೂಸಿಕ್ಕು ಮತ್ತೆ ಬಂದವ್ರಿಗೆ ಕೊಡೋ ಗಿಫ್ಟು ಇವೆರಡು ಮಾತ್ರ "ನೀವಿಬ್ರೇ ಇಷ್ಟ ಬಂದಂಗೆ ಮಾಡ್ಕೊಳ್ಳಿ" ಅಂತ ಬಿಟ್ರು. ನಾವು ಎಷ್ಟು ಆಸೆ ಪಟ್ಕೊಂಡು ಕೂತ್ವಿ ಅಂದ್ರೆ ಶನಿವಾರ ಭಾನುವಾರ ಎಲ್ಲಾ ಅದೇ ಕೆಲ್ಸ, ಆರತಕ್ಷತೆಗೆ ಯಾವ್ಯಾವ ಹಾಡು, ನಾವು ಸ್ಟೇಜ್ ಹತ್ತೋವಾಗ ಏನು ನುಡಿಸ್ಬೇಕು, ಎಲ್ಲಾ ಒಂದು ನೋಟ್‌ಬುಕ್ಕಲ್ಲಿ ಬರ್ದಿದ್ವಿ. ಪತ್ರಿಕೆಯಲ್ಲಿ "ಆಶೀರ್ವಾದವೇ ಉಡುಗೊರೆ" ಅಂತ ಹಾಕ್ಸಿದ್ವಿ, ಹಾಗಾಗಿ ನಾವು ಕೊಡೋದಾದ್ರೂ ಬಂದವ್ರು ಮನೇಲಿ ಇಟ್ಕೊಳ್ಳೋ ಥರ ಇರ್ಬೇಕು ಅಂತ. ಇವ್ರು ಜರ್ಮನ್ ಸಿಲ್ವರ್ ಕುಂಕುಮ ಭರಣಿ ಅಂದ್ರು. ನಾನು ಬೇಡವೇ ಬೇಡ ಅಂದೆ, ಹೆಸ್ರಲ್ಲಿ ಸಿಲ್ವರ್ ಇದೆ ಅಷ್ಟೇ, ಅದು ತಾಮ್ರ ನಿಕ್ಕಲ್ ಸತು ಸೇರ್ಸಿ ಮಾಡೋದು, ಬೆಳ್ಳಿ ಒಂದು ಚೂರೂ ಇರಲ್ಲ, ನಮ್ಮನೆ ಷೋಕೇಸಲ್ಲೇ ಕಪ್ಪಾಗಿರೋವು ಆರೇಳು ಬಿದ್ದಿವೆ. ಚನ್ನಪಟ್ಟಣದ ಮರದ ಕುಂಕುಮ ಡಬ್ಬಿ ಕೊಡೋಣ ಅಂದೆ, ಆಲೆ ಮರದ್ದು, ಅರಗಿನ ಬಣ್ಣ. ಒಪ್ಕೊಂಡ್ರು.

ವಾಲಗ ಮಾತ್ರ ತಾತನ ಆಸೆ. ನಮ್ಮ ತಾತ ಏನೂ ಕೇಳೋರಲ್ಲ. ಚಿಕ್ಕ ವಯಸ್ಸಲ್ಲಿ ಜಾತ್ರೆಗಳಿಗೆ ನಾದಸ್ವರ ಕೇಳೋಕೆ ಅಂತಲೇ ನಡ್ಕೊಂಡು ಹೋಗ್ತಿದ್ರಂತೆ. ನನ್ನ ಕೂರ್ಸ್ಕೊಂಡು ಹೇಳಿದ್ದು ಇಷ್ಟೇ, "ಮಗಾ, ಬೇರೆ ಏನಾದ್ರೂ ಮಾಡ್ಕೊಳ್ಳಿ, ವಾಲಗ ಮಾತ್ರ ಪೂರಾ ಸೆಟ್ಟು ಕರೆಸಿ. ಗಟ್ಟಿಮೇಳ ಅಂದಾಗ ಛತ್ರ ಅದುರ್ಬೇಕು." ಪೂರಾ ಸೆಟ್ಟು ಅಂದ್ರೆ ಅವ್ರ ಲೆಕ್ಕದಲ್ಲಿ ಎರಡು ನಾದಸ್ವರ, ಎರಡು ಡೋಲು, ಶ್ರುತಿಗೆ ಒಬ್ರು, ತಾಳಕ್ಕೆ ಒಬ್ರು.

ಆ ಏಜೆಂಟ್ ಸಿಕ್ಕಿದ್ದು ಆನ್‌ಲೈನಲ್ಲಿ. ಹೆಸ್ರು ಹಾಕಲ್ಲ, ನಮ್ಮ ಲಾಯರ್ ಬೇಡ ಅಂದಿದ್ದಾರೆ. ಆಫೀಸು ಇತ್ತು, ಎಸಿ ಇತ್ತು, ಟ್ಯಾಬಲ್ಲಿ ವಿಡಿಯೋ ತೋರ್ಸಿದ. ಆರು ಜನ ಕೂತು ನುಡಿಸ್ತಿದ್ದಾರೆ, ಕೇಳ್ತಿದ್ರೆ ಮೈ ಜುಂ ಅನ್ನತ್ತೆ. ನಾನು ಎರಡು ಸಲ ಕೇಳಿದೆ, ಎರಡು ಸಲ, "ಇದೇ ಟೀಮ್ ಬರತ್ತಾ?" "ಇದೇ ಟೀಮ್ ಮೇಡಂ, ನಮ್ಮದೇ ಟೀಮ್" ಅಂದ. ಲೆಕ್ಕ ಕೊಟ್ಟ. ವಾಲಗ 42,000. ಆರತಕ್ಷತೆಗೆ ಏಳು ಜನದ ಲೈವ್ ಆರ್ಕೆಸ್ಟ್ರಾ 75,000. ಚನ್ನಪಟ್ಟಣದ ಡಬ್ಬಿ 350, ಒಂದಕ್ಕೆ 140ರಂತೆ 49,000. ಆಮೇಲೆ "ಮ್ಯೂಸಿಕ್ ಲೈಸೆನ್ಸ್ ಫೀ" ಅಂತ 14,500. ಇದೇನು ಅಂದಿದ್ದಕ್ಕೆ "ಸಿನಿಮಾ ಹಾಡು ಹಾಡಿದ್ರೆ ಕಾಪಿರೈಟ್ ಮೇಡಂ, ಕಟ್ಟಿಲ್ಲ ಅಂದ್ರೆ ಮದುವೆ ಮನೆಗೇ ನೋಟಿಸ್ ಬರತ್ತೆ" ಅಂದ. ಮದುವೆ ಮನೆಗೆ ನೋಟಿಸ್ ಅಂದ ತಕ್ಷಣ ನಾವಿಬ್ರೂ ಮುಖ ಮುಖ ನೋಡ್ಕೊಂಡು ಸುಮ್ಮನಾದ್ವಿ. ಒಟ್ಟು 1,80,500. ಅರವತ್ತು ಪರ್ಸೆಂಟ್ ಅಡ್ವಾನ್ಸ್, 1,08,300, ಅಲ್ಲೇ ಫೋನಲ್ಲಿ ಕಳಿಸಿದ್ವಿ. ಬಾಕಿ ಆರತಕ್ಷತೆ ದಿನ ಸ್ಟೇಜ್ ಹಾಕೋಕ್ಮುಂಚೆ. ಇದು ಸಾಮಾನ್ಯ ತಾನೇ, ಎಲ್ರೂ ಹಂಗೇ ಕೇಳ್ತಾರೆ ಅಂತ ನಾವೂ ಏನೂ ಅನ್ಲಿಲ್ಲ.

ಆರತಕ್ಷತೆ ಇದ್ದಿದ್ದು ಮುಹೂರ್ತದ ಹಿಂದಿನ ದಿನ ಸಂಜೆ. ಏಳೂವರೆಗೆ ಶುರು ಆಗ್ಬೇಕಿತ್ತು. ಏಳಕ್ಕೆ ಫೋನ್ ಬಂತು, "ಸರ್ ಬ್ಯಾಲೆನ್ಸ್ ಹಾಕ್ಬಿಡಿ, ಟೀಮ್ ದಾರೀಲಿದೆ, ಇಲ್ಲಾಂದ್ರೆ ಗಾಡಿಯವ್ನು ಮುಂದಕ್ಕೆ ಬರಲ್ಲ ಅಂತಾನೆ." ಇವ್ರು ಸೂಟ್ ಹಾಕ್ಕೊಂಡು ರೆಡಿಯಾಗಿ ನಿಂತಿದ್ರು, ನೆಂಟ್ರು ಬರ್ತಿದ್ರು, ಆ ಟೈಮಲ್ಲಿ ಯಾರು ಜಗಳ ಆಡ್ತಾರೆ ಹೇಳಿ. 72,200 ಹಾಕ್ಬಿಟ್ರು. ಅಲ್ಲಿಗೆ ನಮ್ಮ ಕೈಲಿದ್ದ ಹಿಡಿತ ಎಲ್ಲಾ ಹೋಯ್ತು. ಇದನ್ನ ಮಾತ್ರ ನೆನಪಿಟ್ಕೊಳ್ಳಿ, ಬಾಕಿ ದುಡ್ಡು ಕೊಟ್ಮೇಲೆ ನಿಮ್ಮ ಮಾತನ್ನ ಯಾರೂ ಕೇಳಲ್ಲ.

ಎಂಟೂ ಮುಕ್ಕಾಲಿಗೆ ಬಂದ್ರು. ಮೂರು ಜನ. ಏಳಲ್ಲ, ಮೂರು. ಒಬ್ಬ ಕೀಬೋರ್ಡು, ಇಬ್ರು ಹಾಡೋರು, ಉಳಿದಿದ್ದೆಲ್ಲಾ ಲ್ಯಾಪ್‌ಟಾಪಿಂದ ಟ್ರ್ಯಾಕು. ತಬಲ ಇಲ್ಲ, ಕೊಳಲು ಇಲ್ಲ, ನಾವು ಕೊಳಲು ಇರ್ಬೇಕು ಅಂತ ಬರ್ದು ಕೊಟ್ಟಿದ್ವಿ. ಸೌಂಡ್ ಸೆಟ್ ಮಾಡೋದ್ರಲ್ಲೇ ಒಂಬತ್ತೂ ಕಾಲು. ಹತ್ತಕ್ಕೆ ಛತ್ರದ ಮ್ಯಾನೇಜರ್ ಬಂದು ನಿಲ್ಸಿ ಅಂದ್ರು, ಅವ್ರದ್ದು ತಪ್ಪಿಲ್ಲ, ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಹೊರಗೆ ಕೇಳೋ ಹಂಗೆ ಲೌಡ್‌ಸ್ಪೀಕರ್ ಹಾಕೋ ಹಾಗಿಲ್ಲ, 2000ದಿಂದಲೂ ಇರೋ ರೂಲ್ಸು. ನಾವು ನಾಲ್ಕು ತಿಂಗಳು ಕೂತು ಬರ್ದ ಲಿಸ್ಟಲ್ಲಿ ಹಾಡಿದ್ದು ಎರಡೇ ಎರಡು ಹಾಡು. ಏಜೆಂಟ್‌ಗೆ ಫೋನ್ ಮಾಡಿದ್ರೆ "ಪೀಕ್ ಸೀಸನ್ ಮೇಡಂ, ಒಂಚೂರು ಅಡ್ಜಸ್ಟ್ ಮಾಡ್ಕೊಳ್ಳಿ, ಬೆಳಗ್ಗೆ ವಾಲಗ ನೋಡಿ, ಬೊಂಬಾಟ್ ಇರತ್ತೆ." ನಾನು ನಂಬಿದೆ. ಅಷ್ಟಾದ್ಮೇಲೂ ನಂಬಿದೆ. ಅದಕ್ಕೇ ನನಗೆ ಅವ್ನಿಗಿಂತ ನನ್ನ ಮೇಲೇ ಜಾಸ್ತಿ ಸಿಟ್ಟು.

ಬೆಳಗ್ಗೆ ಐದಕ್ಕೆ ವಾಲಗದವ್ರು ಬಂದಿದ್ದಾರೆ ಅಂತ ತಮ್ಮ ಬಂದು ಹೇಳ್ದ. ಮುಖ ಸರಿ ಇರ್ಲಿಲ್ಲ. ಎಷ್ಟು ಜನ ಅಂದೆ. "ಇಬ್ರು ಅಕ್ಕ." ಒಬ್ರು ವಯಸ್ಸಾದವ್ರು ನಾದಸ್ವರಕ್ಕೆ, ಇನ್ನೊಬ್ಬ ಹುಡುಗ, ಹದಿನೇಳು ಹದಿನೆಂಟು ಇರ್ಬಹುದು, ಅವ್ನ ಕೈಲಿ ಡೋಲು ಇಲ್ಲ. ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಸ್ವಿಚ್ ಹಾಕಿದ್ರೆ ಡೋಲಿನ ಸದ್ದು ಬರತ್ತಲ್ಲ, ಅದು.

ಆ ಹೊತ್ತಲ್ಲಿ ತಿಪಟೂರಲ್ಲಿ ಬೇರೆ ಯಾರನ್ನ ಹುಡ್ಕೋದು? ಅಪ್ಪ ಮೂರು ಕಡೆ ಫೋನ್ ಮಾಡಿದ್ರು, ಮುಹೂರ್ತದ ದಿನ, ಎಲ್ರೂ ಎಲ್ಲೋ ಒಂದು ಮದುವೇಲಿ ಇದ್ರು. ಏಜೆಂಟ್‌ಗೆ ಮೆಸೇಜ್ ಮಾಡಿದೆ, ಆರು ಜನ ಎಲ್ಲಿ ಅಂತ. ಬಂದ ಉತ್ತರ ಹಂಗಂಗೇ ಹಾಕ್ತೀನಿ: "ಮೇಡಂ ಡೋಂಟ್ ವರಿ. ಮಿಕ್ಕವ್ರು ಆನ್ ದಿ ವೇ." ಎಂಟು ಗಂಟೆಗೆ ಮತ್ತೆ ಮಾಡಿದೆ. "ಬರ್ತಿದ್ದಾರೆ." ಒಂಬತ್ತಕ್ಕೆ ನೋಡಿದ, ಉತ್ತರ ಕೊಡ್ಲಿಲ್ಲ. ಆಮೇಲೆ ಫೋನ್ ಸ್ವಿಚ್ ಆಫ್.

ಹತ್ತು ಗಂಟೆ ಚಿಲ್ಲರೆಗೆ ಮುಹೂರ್ತ. ತಾತ ಮುಂದಿನ ಸಾಲಲ್ಲಿ ಕೂತಿದ್ರು, ರೇಷ್ಮೆ ಶಲ್ಯ ಹೊದ್ಕೊಂಡು. ಪುರೋಹಿತ್ರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದ್ರು. ನಿಮಗೆಲ್ಲ ಗೊತ್ತಲ್ವಾ ಆ ಕ್ಷಣ ಹೆಂಗಿರತ್ತೆ ಅಂತ, ತಾಳಿ ಕಟ್ಟೋವಾಗ ಒಂದು ಸೀನೋ ಅಳುವೋ ಯಾವ ಕೆಟ್ಟ ಸದ್ದೂ ಕಿವಿಗೆ ಬೀಳ್ಬಾರ್ದು ಅಂತ ತಾನೇ ಡೋಲು ಅಷ್ಟು ಜೋರಾಗಿ ಬಾರ್ಸೋದು. ಆ ಹುಡುಗ ಪೆಟ್ಟಿಗೆ ಗುಂಡಿ ತಿರುಗಿಸ್ತಾ ಇದ್ದಾನೆ, ಅದು ಅದೇ ಲಯದಲ್ಲಿ ಟಕ ಟಕ ಅಂತಿದೆ, ಮೇಲೆ ಹೋಗ್ತಿಲ್ಲ. ಆ ಯಜಮಾನ್ರು ಒಬ್ರೇ ಕತ್ತಿನ ನರ ಉಬ್ಬೋ ಹಂಗೆ ಊದ್ತಿದ್ದಾರೆ. ಇವ್ರು ನನಗೆ ತಾಳಿ ಕಟ್ಟೋವಾಗ ನನಗೆ ಸ್ಪಷ್ಟವಾಗಿ ಕೇಳ್ಸಿದ್ದು ಅಡುಗೆ ಮನೆ ಕಡೆಯಿಂದ ಯಾವ್ದೋ ಸ್ಟೀಲ್ ಪಾತ್ರೆ ಬಿದ್ದ ಸದ್ದು. ಅಕ್ಷತೆ ಬೀಳ್ತಿತ್ತು, ನಾನು ತಲೆ ಎತ್ತಿ ತಾತನ್ನ ನೋಡಿದೆ. ಅವ್ರು ನನ್ನ ನೋಡ್ತಿರ್ಲಿಲ್ಲ, ಆ ಪೆಟ್ಟಿಗೆ ಕಡೆ ನೋಡ್ತಿದ್ರು. ಇವತ್ತಿನ ತನಕ ಅದ್ರ ಬಗ್ಗೆ ಒಂದು ಮಾತು ಆಡಿಲ್ಲ. ಬೈದಿದ್ರೆ ವಾಸಿ ಇತ್ತು.

ಊಟ ಆದ್ಮೇಲೆ ಅಪ್ಪ ಆ ನಾದಸ್ವರದ ಯಜಮಾನ್ರನ್ನ ಪಕ್ಕಕ್ಕೆ ಕರ್ದು ಕೇಳಿದ್ರು. ಅವ್ರು ಕೈ ಮುಗ್ದು "ನಮಗೆ ಹೇಳಿದ್ದೇ ಇಬ್ರು ಅಂತ ಸ್ವಾಮಿ. ಇಬ್ರಿಗೂ ಸೇರಿ ಏಳು ಸಾವ್ರ, ಬಸ್ ಚಾರ್ಜ್ ನಮ್ದೇ" ಅಂದ್ರು. ಏಳು ಸಾವಿರ! ನಮ್ಮ ಹತ್ರ ನಲವತ್ತೆರಡು ತಗೊಂಡು! ನಾನು ಫೋನಲ್ಲಿದ್ದ ವಿಡಿಯೋ ತೋರ್ಸಿದೆ. ಅವ್ರು ನೋಡಿದ ತಕ್ಷಣ ಗುರುತು ಹಿಡಿದ್ರು, "ಅಮ್ಮಾ, ಇವ್ರು ಕೋಲಾರದ ಕಡೆಯವ್ರು, ನನಗೆ ಗೊತ್ತಿರೋರೇ, ಇವ್ರು ಏಜೆಂಟ್ರ ಕೈಲಿ ಬರೋದೇ ಇಲ್ಲ, ನೇರವಾಗಿ ಫೋನ್ ಮಾಡಿದ್ರೆ ಮಾತ್ರ." ಅಂದ್ರೆ ಆ ವಿಡಿಯೋ ಯಾರದ್ದೋ ಮದುವೇದು, ಎಲ್ಲಿಂದಲೋ ಡೌನ್‌ಲೋಡ್ ಮಾಡ್ಕೊಂಡು ನಮ್ಮದೇ ಟೀಮ್ ಅಂತ ತೋರಿಸ್ತಾ ಇದ್ದಾನೆ. ಆ ಯಜಮಾನ್ರ ಮೇಲೆ ನಮಗೆ ಒಂದಿಷ್ಟೂ ಬೇಜಾರಿಲ್ಲ, ಅವ್ರು ಬೆಳಗ್ಗೆ ಐದರಿಂದ ಮಧ್ಯಾಹ್ನ ಒಂದರ ತನಕ ಒಬ್ರೇ ನುಡಿಸಿದ್ದಾರೆ. ಅಪ್ಪ ಅವ್ರಿಗೆ ಪಂಚೆ, ತೆಂಗಿನಕಾಯಿ, ಮೇಲೆ ಐದು ಸಾವಿರ ಕೊಟ್ಟು ಕಳಿಸಿದ್ರು.

ಇನ್ನು ಗಿಫ್ಟು. ಡಬ್ಬಿಗಳು ಮದುವೆ ಹಿಂದಿನ ದಿನ ಬಂದಿದ್ವು, ಪ್ಲಾಸ್ಟಿಕ್ ಕವರ್ ಹಾಕಿ ಸೀಲ್ ಮಾಡಿ, ಯಾರು ಬಿಚ್ಚಿ ನೋಡ್ತಾರೆ, ಹಂಗೇ ತಾಂಬೂಲದ ಚೀಲಕ್ಕೆ ಹಾಕಿದ್ವಿ. ಮೂರು ದಿನ ಆದ್ಮೇಲೆ ನಮ್ಮ ಅತ್ತೆ (ಅಪ್ಪನ ತಂಗಿ) ಫೋನ್ ಮಾಡಿ "ಏನಮ್ಮ ಅದು, ಕುಂಕುಮ ಹಾಕಿಟ್ರೆ ಕುಂಕುಮಾನೇ ಹಸಿರಾಗಿದೆ" ಅಂದ್ರು. ಉಳಿದಿದ್ದ ಡಬ್ಬಿ ತೆಗ್ದು ಒದ್ದೆ ಬೆರಳಲ್ಲಿ ಉಜ್ಜಿದೆ, ಬಣ್ಣ ಬೆರಳಿಗೆ ಬಂತು. ನಿಜವಾದ ಚನ್ನಪಟ್ಟಣದ ಕೆಲ್ಸದಲ್ಲಿ ಮರ ತಿರುಗ್ತಾ ಇರೋವಾಗ ಅರಗಿನ ಕಡ್ಡಿ ಒತ್ತಿ ಹಿಡೀತಾರೆ, ಆ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ಕೊಳ್ಳತ್ತೆ, ಆಮೇಲೆ ತಾಳೆ ಗರಿಯಲ್ಲಿ ಉಜ್ಜಿ ಹೊಳಪು ಕೊಡ್ತಾರೆ, ಅದು ಹಿಂಗೆ ನೀರಿಗೆ ಬಿಡಲ್ಲ. ಇದು ಬರೀ ಪೇಂಟು. ಅಷ್ಟೊಂದು ಮನೆಗೆ ನಮ್ಮ ಹೆಸ್ರು ಪ್ರಿಂಟ್ ಹಾಕ್ಸಿ ಹಂಚಿದ್ದೀವಿ. ಮೈಸೂರು ರೋಡಲ್ಲಿ ಇವ್ರ ಊರಿಗೆ ಹೋಗ್ತಾ ಬರ್ತಾ ಚನ್ನಪಟ್ಟಣ ದಾಟಿದ್ದು ಎಷ್ಟು ಸಲವೋ, ಒಂದು ಸಲ ಇಳ್ದು ಕಾರ್ಖಾನೆಯಲ್ಲೇ ಹೇಳಿದ್ರೆ ಆಗ್ತಿತ್ತು.

ಆ ಲೈಸೆನ್ಸ್ ದುಡ್ಡಂತೂ ಬರೀ ಹೆದರ್ಸಿ ಕಿತ್ಕೊಂಡಿದ್ದು. ಇವ್ರ ಚಿಕ್ಕಪ್ಪನ ಮಗ ಲಾಯರ್, ಆಮೇಲೆ ಹೇಳಿದ್ರು, 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 52ರಲ್ಲೇ ಇದೆಯಂತೆ, ಮದುವೆ ಮೆರವಣಿಗೆ ಮತ್ತೆ ಮದುವೆಗೆ ಸಂಬಂಧಪಟ್ಟ ಸಮಾರಂಭದಲ್ಲಿ ಹಾಡು ಹಾಡಿದ್ರೆ, ಹಾಕಿದ್ರೆ ಅದು ಕಾಪಿರೈಟ್ ಉಲ್ಲಂಘನೆ ಅಲ್ಲ ಅಂತ. ಕೇಂದ್ರ ಸರ್ಕಾರದ ಇಲಾಖೆಯವ್ರೇ 2023ರ ಜುಲೈ 24ಕ್ಕೆ ಪ್ರಕಟಣೆ ಹೊರಡ್ಸಿ, ಮದುವೆಗೆ ರಾಯಲ್ಟಿ ಕೇಳ್ಬೇಡಿ, ಯಾರಾದ್ರೂ ಕೇಳಿದ್ರೆ ಜನ ಕೊಡ್ಬೇಡಿ ಅಂದಿದ್ದಾರೆ. ನಾವು ಆ 14,500ಕ್ಕೆ ರಸೀದಿ ಕೇಳಿದ್ವಿ, ಇವತ್ತಿಗೂ ಬಂದಿಲ್ಲ. ನಿಮ್ಮ ಹತ್ರ ಯಾರಾದ್ರೂ ಹಿಂಗೆ ಕೇಳಿದ್ರೆ ಅಲ್ಲಿಂದ ಎದ್ದು ಬನ್ನಿ.

ಮದುವೆ ಆಗಿ ಐದನೇ ದಿನಕ್ಕೆ ಆ ಏಜೆಂಟ್ ಫೋನ್ ಎತ್ತಿದ. ಅವ್ನ ಮಾತು ಕೇಳಿ. ಆರು ಜನ ಎಲ್ಲಿ ಅಂದಿದ್ದಕ್ಕೆ "ಮೇಡಂ, ವಿಡಿಯೋ ಸ್ಯಾಂಪಲ್ ಅಷ್ಟೇ, ಅದೇ ಜನ ಅಂತ ಬರವಣಿಗೆಯಲ್ಲಿ ಎಲ್ಲಿದೆ?" ಡೋಲು ಎಲ್ಲಿ ಅಂದಿದ್ದಕ್ಕೆ "ಡೋಲಿನ ಸೌಂಡ್ ಬಂತಲ್ವಾ ಮೇಡಂ? ಕೇಳ್ಸ್ತಲ್ವಾ?" ಇದನ್ನ ಹೇಳೋವಾಗ ಅವ್ನ ದನಿಯಲ್ಲಿ ಒಂಚೂರೂ ಅಳುಕಿರ್ಲಿಲ್ಲ. ಡಬ್ಬಿ ಬಣ್ಣ ಬಿಡ್ತಿದೆ ಅಂದ್ರೆ "ನೀವು ನೀರು ಹಾಕಿದ್ದೀರ." ಇವ್ರು ಫೋನ್ ಕಿತ್ಕೊಂಡು ಜೋರು ಮಾಡಿದ್ರು, ಅದಕ್ಕೆ "ಸರ್, ಮದುವೆ ಚೆನ್ನಾಗಿ ಆಯ್ತಲ್ವಾ, ಇನ್ನೇನ್ ಬೇಕು ನಿಮಗೆ, ಖುಷಿಯಾಗಿರಿ" ಅಂದ.

"ಬರವಣಿಗೆಯಲ್ಲಿ ಎಲ್ಲಿದೆ" ಅನ್ನೋದೇ ಅವ್ನ ಧೈರ್ಯ. ಅವ್ನು ಕೊಟ್ಟ ಕಾಗದದಲ್ಲಿ "ನಾದಸ್ವರಂ ಟೀಮ್ - 1" ಅಂತಷ್ಟೇ ಇತ್ತು. ಎಷ್ಟು ಜನ ಅಂತ ಇಲ್ಲ, ಡೋಲು ಅಂತ ಇಲ್ಲ. ಹಾಗಾಗಿ ಬರ್ಸ್ಕೊಳ್ಳಿ, ಎಷ್ಟು ಜನ, ಯಾವ್ಯಾವ ವಾದ್ಯ, ನುಡಿಸೋರ ಹೆಸ್ರು, ಎಷ್ಟು ಗಂಟೆಗೆ ಬರ್ಬೇಕು, ಎಲ್ಲಾ. ಅದಕ್ಕಿಂತ ಮುಖ್ಯ, ನುಡಿಸೋರ ಜೊತೆಗೇ ಮಾತಾಡಿ. ದೇವಸ್ಥಾನದಲ್ಲಿ ಕೇಳಿ, ಪುರೋಹಿತ್ರನ್ನ ಕೇಳಿ, ಬೇರೆ ಮದುವೇಲಿ ಅವ್ರು ನುಡಿಸೋದನ್ನ ಹೋಗಿ ಕೂತು ಕೇಳಿ. ನಾವು ಕೊಟ್ಟ 42,000ದಲ್ಲಿ 35,000 ನುಡಿಸೋರಿಗೆ ಸೇರ್ಲೇ ಇಲ್ಲ, ಇದು ನೆನೆಸ್ಕೊಂಡ್ರೇ ಹೊಟ್ಟೆ ಉರಿಯತ್ತೆ. ಗಿಫ್ಟ್ ಒಂದು ಪೀಸ್ ಮುಂಚೆ ತರ್ಸ್ಕೊಂಡು ಒದ್ದೆ ಬಟ್ಟೆಯಲ್ಲಿ ಉಜ್ಜಿ ನೋಡಿ, ಆಮೇಲೆ ಆರ್ಡರ್ ಕೊಡಿ.

ನಾವು 1915ಕ್ಕೆ, ಗ್ರಾಹಕರ ಸಹಾಯವಾಣಿಗೆ, ಕಂಪ್ಲೇಂಟ್ ಕೊಟ್ಟಿದ್ದೀವಿ. ಅಲ್ಲಿ ಬಗೆಹರೀಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀವಿ, ಐದು ಲಕ್ಷದ ಒಳಗಿನ ವಿಷ್ಯಕ್ಕೆ ಅಲ್ಲಿ ಫೀಸ್ ಇಲ್ಲ, ಎರಡು ವರ್ಷದ ತನಕ ಟೈಮ್ ಇದೆ. ಮೆಸೇಜ್, ದುಡ್ಡು ಕಳಿಸಿದ್ದು, ಇಬ್ರೇ ಕೂತು ನುಡಿಸ್ತಿರೋ ಫೋಟೋ, ಬಣ್ಣ ಬಿಟ್ಟ ಡಬ್ಬಿ ಎಲ್ಲಾ ಎತ್ತಿಟ್ಟಿದ್ದೀನಿ.

ಕಂಪ್ಲೇಂಟ್ ಹೋದ ಮಾರನೇ ದಿನ ಅವ್ನೇ ಮೆಸೇಜ್ ಮಾಡಿದ್ದಾನೆ. "ಮೇಡಂ 10,000 ವಾಪಸ್ ಹಾಕ್ತೀನಿ, ಕಂಪ್ಲೇಂಟ್ ತಗೊಳ್ಳಿ, ಎಲ್ಲೂ ಬರೀಬೇಡಿ." ನಾನು ಅವ್ನಿಗೆ ಉತ್ತರ ಕೊಟ್ಟಿಲ್ಲ, ಇಲ್ಲಿ ಬರ್ದಿದ್ದೀನಿ. ಬರೋ ಕಾರ್ತೀಕದಲ್ಲಿ ತಾತನಿಗೆ ಎಂಬತ್ತು ತುಂಬತ್ತೆ, ಆ ಯಜಮಾನ್ರಿಗೆ ನಾನೇ ಫೋನ್ ಮಾಡಿ ಹೇಳಿದ್ದೀನಿ, ಅವ್ರ ಕಡೆಯವ್ರನ್ನೇ ಕರ್ಕೊಂಡು ಬರ್ತಾರಂತೆ. ಆರು ಜನ, ಎರಡು ಡೋಲು.