‘ಬಾಲ್ ವಾಲ್ವ್’ ಎನ್ನಲು ನಾನು ಹಿಡಿದ ಮೂರು ದಾರಿಗಳು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಾಲ್ವ್ ತಯಾರಿಸುವ ಕಾರ್ಖಾನೆಯೊಂದರ ಸ್ಟೋರ್ ನನ್ನ ಸುಪರ್ದಿಯಲ್ಲಿದೆ. ಗೇಟ್, ಗ್ಲೋಬ್, ಚೆಕ್ ಎಂದು ವಾಲ್ವುಗಳ ಹೆಸರು ಹೇಳಲು ನನಗೆ ಎಂದೂ ತೊಡಕಾಗಿರಲಿಲ್ಲ. ಬಾಲ್ ವಾಲ್ವ್, ಬಟರ್‌ಫ್ಲೈ ವಾಲ್ವ್ ಬಂದಾಗ ಮಾತ್ರ ತುಟಿಗಳು ಒಂದಕ್ಕೊಂದು ಅಂಟಿಕೊಂಡು ಬಿಡುತ್ತಿದ್ದವು. ಹೊರಗಿನಿಂದ ತಪಾಸಣೆಗೆ ಬಂದವರು ಇಂಗ್ಲಿಷಿನಲ್ಲಿ ಕೇಳಿದರೆ ನಾನು ರ್‍ಯಾಕಿನ ಕಡೆ ಬೆರಳು ಮಾಡಿ ಸುಮ್ಮನಾಗುತ್ತಿದ್ದೆ. ‘ನಿಮ್ಮ ಇಂಗ್ಲಿಷ್ ಸುಧಾರಿಸಬೇಕು’ ಎಂದು ಮ್ಯಾನೇಜರ್ ಹೇಳಿದರು. ನಾನೂ ಅದನ್ನೇ ನಂಬಿದೆ. ಹಾಗೆ ನಂಬಿ ಹದಿನಾಲ್ಕು ತಿಂಗಳಲ್ಲಿ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ, ಒಂದು ಮೊಬೈಲ್ ಆ್ಯಪಿಗೆ, ಕೊನೆಗೆ ಒಬ್ಬ ವಾಕ್ ಚಿಕಿತ್ಸಕಿಗೆ, ಅಂದರೆ ಸ್ಪೀಚ್ ಥೆರಪಿಸ್ಟಿಗೆ, ಹಣ ಕೊಟ್ಟಿದ್ದೇನೆ.

ಮೊದಲು ಖರ್ಚಿನ ಮಾತು. ಕ್ಲಾಸಿಗೆ 45 ದಿನಕ್ಕೆ 4,500 ರೂಪಾಯಿ, ಬಸ್ ಚಾರ್ಜು ಬೇರೆ. ಆ್ಯಪಿಗೆ ವರ್ಷಕ್ಕೆ 1,800. ವಾಕ್ ಚಿಕಿತ್ಸೆಗೆ ಒಂದು ಸಲಕ್ಕೆ 500. ಹದಿನಾರು ಸಲ ಹೋದೆ, 8,000 ಆಯಿತು. ಕಡಿಮೆ ಹಣಕ್ಕೆ ಹೆಚ್ಚು ಸಿಕ್ಕಿದ್ದು ಯಾವುದರಲ್ಲಿ ಎಂದು ಕೇಳಿದರೆ ನೇರ ಉತ್ತರ ಕೊಡಲಾರೆ, ಏಕೆಂದರೆ ಮೂವರೂ ಮಾರಿದ್ದು ಬೇರೆ ಬೇರೆ ಸಾಮಾನು. ಅದು ಗೊತ್ತಾಗಲು ನನಗೆ ವರ್ಷ ಹಿಡಿಯಿತು.

ಧಾರವಾಡದ ಸಪ್ತಾಪುರದಲ್ಲಿ ಕೆಎಎಸ್, ಪಿಎಸ್‌ಐ ತರಬೇತಿಯ ಫಲಕಗಳ ನಡುವೆ ಸ್ಪೋಕನ್ ಇಂಗ್ಲಿಷ್ ಫಲಕಗಳೂ ತೂಗುತ್ತವೆ. ಅಂಥ ಒಂದರಲ್ಲಿ ಸಂಜೆಯ ಬ್ಯಾಚಿಗೆ ಸೇರಿದೆ. ಡ್ಯೂಟಿ ಮುಗಿಸಿ ಚಿಗರಿ ಬಸ್ ಹತ್ತಿ ಇಪ್ಪತ್ತು ಕಿಲೋಮೀಟರ್ ದಾಟಿ ಹೋಗುವಷ್ಟರಲ್ಲಿ ಅರ್ಧ ದಣಿದಿರುತ್ತಿದ್ದೆ. ಆದರೂ ಕ್ಲಾಸನ್ನು ಹಳಿಯಲಾರೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಬಾಲಕ್ಕೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರಬೇಕು. ಇಡೀ ವಾಕ್ಯವನ್ನು ತಲೆಯಲ್ಲಿ ಕನ್ನಡದಲ್ಲಿ ಕಟ್ಟಿ ಆಮೇಲೆ ತಿರುಗಿಸಲು ಹೋಗುವವನು ಅಲ್ಲೇ ಉಳಿಯುತ್ತಾನೆ. ಇದನ್ನು ಆ ಮೇಷ್ಟ್ರು ಬೋರ್ಡಿನ ಮೇಲೆ ಹತ್ತು ನಿಮಿಷದಲ್ಲಿ ತಿಳಿಸಿದ ಹಾಗೆ ನನ್ನ ಹೈಸ್ಕೂಲಿನಲ್ಲಿ ಯಾರೂ ತಿಳಿಸಿರಲಿಲ್ಲ. ಪ್ರಶ್ನೆಯಲ್ಲಿ ‘ಡಿಡ್’ ಬಂದ ಮೇಲೆ ಮುಂದಿನ ಕ್ರಿಯಾಪದವನ್ನು ಮತ್ತೆ ಭೂತಕಾಲಕ್ಕೆ ಕಳಿಸಬೇಕಾಗಿಲ್ಲ ಎನ್ನುವುದೂ ಅಲ್ಲಿಯೇ ಬಾಯಿಗೆ ಕೂತಿತು.

ಕೆಟ್ಟದ್ದು ವೇದಿಕೆ. ಪ್ರತಿ ಶನಿವಾರ ಒಬ್ಬೊಬ್ಬರಾಗಿ ಮುಂದೆ ನಿಂತು ಹೆಸರು, ಊರು, ಗುರಿ ಹೇಳಬೇಕು. ನನ್ನ ಹೆಸರು ‘ಬ’ದಿಂದ ಶುರುವಾಗುತ್ತದೆ. ನಲವತ್ತು ಜನರ ಎದುರು ನನ್ನ ಹೆಸರಿನ ಮೊದಲ ಅಕ್ಷರದಲ್ಲೇ ನಿಂತೆ. ಮೇಷ್ಟ್ರು ಒಳ್ಳೆಯವರು; ‘ಭಯ ಬಿಡಿ, ಧೈರ್ಯವಾಗಿ ಹೇಳಿ’ ಎಂದರು, ಆಮೇಲೆ ತಾವೇ ನನ್ನ ಹೆಸರು ಹೇಳಿ ಮುಗಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ವಿಚಿತ್ರವೆಂದರೆ, ಅದೇ ಪಾಠವನ್ನು ನಲವತ್ತು ಜನ ಒಟ್ಟಿಗೆ ಓದುವಾಗ ನನಗೆ ಒಂದು ಕಡೆಯೂ ತಡೆಯಾಗುತ್ತಿರಲಿಲ್ಲ. ಇಂಗ್ಲಿಷ್ ಬಂತು ಎಂದು ಹಿಗ್ಗಿದೆ. ಸೋಮವಾರ ಕಾರ್ಖಾನೆಯಲ್ಲಿ ಮತ್ತೆ ಅದೇ ಬೆರಳು, ಅದೇ ರ್‍ಯಾಕ್.

ಆ್ಯಪಿನ ಲಾಭ, ಅದರ ಮುಂದೆ ನಾಚಿಕೆ ಇಲ್ಲ. ರಾತ್ರಿ ಮಾಳಿಗೆಯ ಮೇಲೆ ಕೂತು ಮಾತನಾಡಿದರೆ ತಪ್ಪಾದ ಶಬ್ದವನ್ನು ಕೆಂಪು ಮಾಡಿ ತೋರಿಸುತ್ತದೆ. ನಮ್ಮ ‘ವ’ ಎರಡು ದೋಣಿಯಲ್ಲಿ ಕಾಲಿಟ್ಟ ಅಕ್ಷರ ಎಂಬುದನ್ನು ಅದರಿಂದಲೇ ಕಲಿತೆ. ಇಂಗ್ಲಿಷಿನಲ್ಲಿ ‘ವಿ’ ಅಕ್ಷರಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ‘ಡಬ್ಲ್ಯು’ಗೆ ತುಟಿ ದುಂಡಗಾಗಬೇಕು. ಬಳ್ಳಿ ಎಂಬ ಅರ್ಥದ ವೈನ್, ಮದ್ಯ ಎಂಬ ಅರ್ಥದ ವೈನ್: ನಮ್ಮ ಲಿಪಿಯಲ್ಲಿ ಎರಡೂ ಒಂದೇ, ಅವರ ಕಿವಿಗೆ ಎರಡೂ ಬೇರೆ. ವಾಲ್ವ್ ಮತ್ತು ಗೋಡೆಯ ವಾಲ್ ನನ್ನ ಬಾಯಲ್ಲಿ ಎಷ್ಟು ವರ್ಷ ಕಲಸಿಕೊಂಡಿದ್ದವೋ. ‘ಎಂಟ್ರಿ’ಯನ್ನು ‘ಯೆಂಟ್ರಿ’, ‘ಓಪನ್’ ಅನ್ನು ‘ವೋಪನ್’ ಎನ್ನುವ ನಮ್ಮ ರೂಢಿಯೂ ಸಿಕ್ಕಿಬಿತ್ತು. ಟ, ಡ ಹೇಳುವಾಗ ನಾವು ನಾಲಿಗೆ ಮಡಿಸುತ್ತೇವೆ, ಅವರು ಹಲ್ಲಿನ ಹಿಂದಿನ ದಿಣ್ಣೆಗೆ ತಾಗಿಸುತ್ತಾರೆ. ಆ್ಯಪು ಅದನ್ನೂ ಕೆಂಪು ಮಾಡುತ್ತದೆ. ಅದನ್ನು ನಾನು ಬಿಟ್ಟುಬಿಟ್ಟೆ. ನನ್ನ ‘ಟ’ ಕೇಳಿ ಅರ್ಥವಾಗಲಿಲ್ಲ ಎಂದವರು ಇಲ್ಲಿಯವರೆಗೆ ಯಾರೂ ಇಲ್ಲ.

ಆದರೆ ಒಬ್ಬನೇ ಇದ್ದಾಗ ನನಗೆ ತಡೆಯೇ ಆಗುವುದಿಲ್ಲ. ಹೀಗಾಗಿ ಆ್ಯಪು ನನಗೆ ಬಾಚಿ ಬಾಚಿ ಅಂಕ ಕೊಟ್ಟಿತು. ಪಕ್ಕದಲ್ಲಿ ಭಾವ ಬಂದು ಕೂತ ದಿನ ‘ಬ’ ಸಿಕ್ಕಿಕೊಂಡಿತು. ನನ್ನ ಮೌನವನ್ನು ಆ್ಯಪು ಮಾತು ಮುಗಿಯಿತು ಎಂದು ತಿಳಿದು ಮುಂದಿನ ಪ್ರಶ್ನೆಗೆ ಹೋಯಿತು.

ವಾಕ್ ಚಿಕಿತ್ಸೆಗೆ ಹೋಗಿದ್ದು ಹೆಂಡತಿಯ ಒತ್ತಾಯಕ್ಕೆ. ಅದು ತಡವಾಗಿ ಮಾತು ಬರುವ ಮಕ್ಕಳಿಗೆ ಎಂದು ತಿಳಿದಿದ್ದೆ, ಹೋದಾಗ ಕಂಡಿದ್ದೂ ಅದೇ: ಆಟಿಕೆ, ಚಿತ್ರದ ಪುಸ್ತಕ, ಮೂರು ವರ್ಷದ ಮಗು, ಅದರ ಅಜ್ಜಿ. ಆ ಸಾಲಿನಲ್ಲಿ ಮೂವತ್ತಾರು ವರ್ಷದ ನಾನು. ಚಿಕಿತ್ಸಕಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು. ಅದು 1965ರಲ್ಲಿ ಶುರುವಾದ ಸಂಸ್ಥೆ, ಈ ವಿದ್ಯೆಗೆ ನಮ್ಮ ನಾಡಿನಲ್ಲಿ ತವರು. ಅವರು ಇಂಗ್ಲಿಷ್ ಪುಟವೊಂದನ್ನು ಓದಿಸಿದರು, ಆಮೇಲೆ ಕನ್ನಡದ್ದು, ಆಮೇಲೆ ಕೆಲಸದ ಬಗ್ಗೆ ಕನ್ನಡದಲ್ಲಿ ಮಾತನಾಡಿಸಿದರು. ‘ಕನ್ನಡದಲ್ಲಿ ತಡೆಯುತ್ತದೆಯೇ?’ ಎಂದು ಕೇಳಿದರು. ‘ಇಲ್ಲ ಮೇಡಂ’ ಎಂದೆ. ಹೆಂಡತಿ ಪಕ್ಕದಲ್ಲಿ ನಕ್ಕಳು. ‘ಬುಧವಾರ ಎನ್ನಿ ನೋಡೋಣ’ ಎಂದಳು.

ಆಗ ಬಯಲಾಯಿತು. ನಾನು ‘ಬುಧವಾರ’ ಎನ್ನುವುದಿಲ್ಲ, ‘ನಾಡಿದ್ದು’ ಎನ್ನುತ್ತೇನೆ. ‘ಬೇಡ’ ಎನ್ನುವುದಿಲ್ಲ, ‘ಒಲ್ಲೆ’ ಎನ್ನುತ್ತೇನೆ. ‘ಬೇಗ’ ಬದಲು ‘ಲಗೂ’, ‘ಬಿಲ್’ ಬದಲು ‘ರಸೀದಿ’. ಕ್ಲಾಸಿನಿಂದ ಮರಳುವಾಗ ಬಿವಿಬಿ ನಿಲ್ದಾಣಕ್ಕೆ ಟಿಕೆಟ್ ಕೇಳಲಾಗದೆ ಉಣಕಲ್ ಕ್ರಾಸಿಗೆ ಕೇಳಿ ಉಳಿದದ್ದನ್ನು ನಡೆದಿದ್ದೇನೆ, ವ್ಯಾಯಾಮ ಎಂದು ಮನೆಯಲ್ಲಿ ಹೇಳಿದ್ದೇನೆ. ಕನ್ನಡದಲ್ಲಿ ತಪ್ಪಿಸಿಕೊಳ್ಳಲು ನನ್ನ ಬಳಿ ಪದಗಳ ರಾಶಿ ಇತ್ತು. ಇಂಗ್ಲಿಷಿನಲ್ಲಿ ಬಾಲ್ ವಾಲ್ವಿಗೆ ಬದಲಿ ಪದ ಇರಲಿಲ್ಲ. ಉಗ್ಗು ಎರಡೂ ಭಾಷೆಯಲ್ಲಿ ಇತ್ತು. ಅಡಗಲು ಜಾಗ ಇದ್ದದ್ದು ಒಂದರಲ್ಲಿ ಮಾತ್ರ.

ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಉಗ್ಗು ಶುರುವಾಗುತ್ತದೆ, ಬಹಳ ಮಕ್ಕಳಲ್ಲಿ ತಾನಾಗಿ ಹೋಗುತ್ತದೆ, ದೊಡ್ಡವರಲ್ಲಿ ನೂರಕ್ಕೆ ಒಬ್ಬರಷ್ಟು ಜನರಲ್ಲಿ ಉಳಿಯುತ್ತದೆ, ಅವರಲ್ಲಿ ಗಂಡಸರೇ ಹೆಚ್ಚು ಎಂದು ಅವರು ವಿವರಿಸಿದರು. ಒಟ್ಟಿಗೆ ಓದುವಾಗ, ಹಾಡುವಾಗ, ಒಬ್ಬನೇ ಇದ್ದಾಗ ಅದು ಮಾಯವಾಗುವುದು ಎಲ್ಲರಿಗೂ ಗೊತ್ತಿರುವ ಲಕ್ಷಣವಂತೆ. ಚಿಕ್ಕಂದಿನಲ್ಲಿ ನನ್ನ ಅಜ್ಜಿ ನಾಲಿಗೆಗೆ ಬಜೆ ತೇದು ಹಚ್ಚುತ್ತಿದ್ದಳು. ಆ ಬೇರಿನ ಹೆಸರೂ ‘ಬ’ದ್ದೇ ಆಗಬೇಕೇ?

ಮಾಡಿಸಿದ್ದು ಮೇಲ್ನೋಟಕ್ಕೆ ಸುಲಭ. ‘ಬ’ ಹೇಳುವಾಗ ತುಟಿ ಒತ್ತದೆ ಮೆಲ್ಲಗೆ ತಾಗಿಸುವುದು, ಉಸಿರು ಹೊರಟ ಮೇಲೆ ದನಿ ಕೊಡುವುದು, ಸಿಕ್ಕಿಕೊಂಡರೆ ಪೂರ್ತಿ ನಿಂತು ಅದೇ ಪದವನ್ನು ಮತ್ತೆ ಸಡಿಲವಾಗಿ ಹೇಳುವುದು. ಕಷ್ಟದ್ದು ಆರನೆಯ ವಾರದಲ್ಲಿ ಬಂತು: ದುರ್ಗದ ಬೈಲಿನ ಕಡೆ ಹೋಗಿ ಕಾಯಿಪಲ್ಲೆ ಮಾರುವವರ ಮುಂದೆ ಬೇಕೆಂದೇ ಉಗ್ಗಬೇಕು. ಬದನೆಕಾಯಿ, ಬೆಂಡೆಕಾಯಿ, ಬಟಾಟಿ, ಬಳ್ಳೊಳ್ಳಿ. ಇಷ್ಟು ವರ್ಷ ಸಂತೆ ಹೆಂಡತಿಯದೇ ಪಾಲು ಏಕಾಗಿತ್ತು ಎಂದು ಅಂದು ಇಬ್ಬರಿಗೂ ತಿಳಿಯಿತು. ಮಾರುವ ಅಜ್ಜಿ ನನ್ನ ‘ಬ’ ಮುಗಿಯುವವರೆಗೆ ಕಾದು, ‘ಎಷ್ಟು ಕಿಲೋ, ತಮ್ಮಾ?’ ಎಂದಳು. ಮೊದಲ ದಿನ ಮೂರು ನಿಮಿಷದ ಮಾತಿನಲ್ಲಿ ಹತ್ತೊಂಬತ್ತು ಕಡೆ ತಡೆದಿದ್ದೆ, ಹದಿನಾರನೆಯ ಸಲ ಏಳು ಕಡೆ. ನಡುವೆ ಒಂದು ವಾರ ಮೊದಲಿಗಿಂತ ಹದಗೆಟ್ಟಿತ್ತು. ಪೂರ್ತಿ ಹೋಗುತ್ತದೆ ಎಂದು ಅವರು ಒಂದು ದಿನವೂ ಹೇಳಲಿಲ್ಲ, ಅದೇ ಕಾರಣಕ್ಕೆ ನನಗೆ ಅವರ ಮೇಲೆ ನಂಬಿಕೆ.

ಅವರ ಮಿತಿಯೂ ಸ್ಪಷ್ಟ. ವ್ಯಾಕರಣ ಕೇಳಿದರೆ ‘ಅದು ನನ್ನ ಕೆಲಸವಲ್ಲ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಕನ್ನಡ ಕೇಳಿಸುವುದಕ್ಕೆ ತಮ್ಮಲ್ಲಿ ಔಷಧವೂ ಇಲ್ಲ, ಅದರ ಅಗತ್ಯವೂ ಇಲ್ಲ ಎಂದರು. ನಲವತ್ತು ನಿಮಿಷ ಎಂದರೆ ನಲವತ್ತೇ ನಿಮಿಷ. ತಡವಾಗಿ ಹೋದರೆ ನಷ್ಟ ನಮ್ಮದು.

ನಿಮಗೆ ಯಾವುದು ಬೇಕೆಂದು ನೋಡಿಕೊಳ್ಳಲು ಒಂದು ಉಪಾಯವಿದೆ. ಅಪರಿಚಿತರಿಗೆ ಫೋನ್ ಮಾಡಿ ಕನ್ನಡದಲ್ಲೇ ಐದು ನಿಮಿಷ ಮಾತನಾಡಿ, ಯಾವ ಪದವನ್ನೂ ಬದಲಾಯಿಸಬೇಡಿ. ಸರಾಗವಾಗಿದ್ದರೆ ಕ್ಲಾಸಿಗೆ ಹೋಗಿ. ಉಚ್ಚಾರಣೆ ಮಾತ್ರ ತಿದ್ದಬೇಕಿದ್ದರೆ ಆ್ಯಪ್ ಸಾಕು. ಕನ್ನಡದಲ್ಲೂ ಸಿಕ್ಕಿಕೊಂಡರೆ ಚಿಕಿತ್ಸೆಗೆ ಹೋಗಿ, ಆದರೆ ಮೊದಲು ಚಿಕಿತ್ಸಕರ ಹೆಸರು ದಾಖಲಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಸಂಖ್ಯೆ ಕೇಳಿ. ‘ಹದಿನೈದು ದಿನದಲ್ಲಿ ಉಗ್ಗು ಮಾಯ’ ಎಂಬ ಗೋಡೆ ಬರಹದವರ ಬಳಿ ಅದು ಇರುವುದು ಕಷ್ಟ.

ಈಗ ಚಿಕಿತ್ಸೆಗೆ ತಿಂಗಳಿಗೊಮ್ಮೆ ಹೋಗುತ್ತೇನೆ. ಆ್ಯಪಿನ ವರ್ಷ ಮುಗಿಯಿತು, ಮತ್ತೆ ಹಣ ಕಟ್ಟಲಿಲ್ಲ. ಸಪ್ತಾಪುರದ ಕ್ಲಾಸಿಗೆ ಎರಡನೆಯ ಬಾರಿ ಸೇರಿದ್ದೇನೆ, ಎರಡು ಷರತ್ತಿನ ಮೇಲೆ: ವೇದಿಕೆಗೆ ನಾನಾಗಿ ಬರುವವರೆಗೆ ಕರೆಯಬಾರದು, ನನ್ನ ಮಾತನ್ನು ಮೇಷ್ಟ್ರು ಮುಗಿಸಬಾರದು. ಎರಡನೆಯದನ್ನು ಅವರು ಮೂರನೆಯ ದಿನವೇ ಮರೆತರು. ಫೀಸಿನಲ್ಲಿ ಐನೂರು ಬಿಟ್ಟಿದ್ದರಿಂದ ಹೋಗುತ್ತಿದ್ದೇನೆ.